25,000 ರೂಪಾಯಿ ಇದೆ. ಹಳೆಯ ಸ್ಟೀರಿಯೊದಲ್ಲಿ ಮೊದಲು ಯಾವುದನ್ನು ಬದಲಿಸಲಿ: ಆಂಪ್ಲಿಫೈಯರ್, ಸ್ಪೀಕರ್, ಪ್ಲೇಯರ್?

ನೀವು ಬರೆದಿರುವ ಪ್ರಕಾರ ಇರುವುದು ಹದಿನೈದು ವರ್ಷ ಹಳೆಯ 40 ವಾಟ್ ಆಂಪ್ಲಿಫೈಯರ್, ಆರೂವರೆ ಇಂಚಿನ ವೂಫರ್ (ತಗ್ಗಿನ ಸದ್ದು ಕೊಡುವ ದೊಡ್ಡ ಘಟಕ) ಇರುವ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಒಂದು ಡಿವಿಡಿ ಪ್ಲೇಯರ್. ಕೋಣೆ 10×12 ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸ್ಪೀಕರ್‌ಗಳು ಟಿವಿ ಷೋಕೇಸಿನೊಳಗೆ. ಮೃದಂಗದ ಎಡಭಾಗ ಬರೀ ಗುಂಯ್‌ಗುಡುತ್ತದೆ, ಹಾಡಿನ ಸಾಹಿತ್ಯ ಸ್ಪಷ್ಟವಾಗುತ್ತಿಲ್ಲ, ಆಗಾಗ ಎಡಗಡೆಯ ಸ್ಪೀಕರ್ ಸುಮ್ಮನಾಗುತ್ತದೆ ಎನ್ನುವುದು ನಿಮ್ಮ ದೂರು.

ದುಡ್ಡು ಹಾಕುವುದಾದರೆ ಸ್ಪೀಕರ್‌ಗೇ ಹಾಕಿ. ಆದರೆ ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ಬಹುಶಃ ಹೊಸದೇನನ್ನೂ ಕೊಳ್ಳದೆಯೇ ಹೋಗುತ್ತವೆ. ಹಾಗಾಗಿ ಅಂಗಡಿಗೆ ಹೋಗುವುದು ಆಮೇಲೆ.

ಮೊದಲು ಸ್ಪೀಕರ್‌ಗಳನ್ನು ಷೋಕೇಸಿನಿಂದ ಹೊರಗೆ ತೆಗೆಯಿರಿ. ಮರದ ಗೂಡಿನೊಳಗೆ ಇಟ್ಟಾಗ ಗೂಡೇ ಸ್ಪೀಕರಿನ ಜೊತೆ ಅದುರುತ್ತದೆ. ಹಿಂಬದಿಯಲ್ಲಿ ಗಾಳಿ ಬಿಡುವ ಪೋರ್ಟ್ ಇದ್ದರೆ ಅದಕ್ಕೆ ಉಸಿರಾಡಲು ಜಾಗವೇ ಇರುವುದಿಲ್ಲ. ಎರಡರ ನಡುವೆ ಐದರಿಂದ ಆರು ಅಡಿ ಅಂತರ ಬಿಡಿ, ನೀವು ಕೂರುವ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ. ಹಿಂದಿನ ಗೋಡೆಯಿಂದ ಕನಿಷ್ಠ ಒಂದು ಅಡಿ ಮುಂದೆ ಇರಲಿ, ಮೂಲೆಗೆ ಬೇಡವೇ ಬೇಡ. ಟ್ವೀಟರ್ (ಕೀಚು ಸದ್ದು ಕೊಡುವ ಚಿಕ್ಕ ಘಟಕ) ಕಿವಿಯ ಮಟ್ಟಕ್ಕೆ, ಅಂದರೆ ಸೋಫಾದಲ್ಲಿ ಕೂತಾಗ ನೆಲದಿಂದ ಸುಮಾರು ಮೂರು ಅಡಿ ಎತ್ತರಕ್ಕೆ ಬರಬೇಕು. ಸ್ಟ್ಯಾಂಡ್ ಕೊಳ್ಳುವ ಮುಂಚೆ ಸಿಮೆಂಟ್ ಬ್ಲಾಕ್ ಪೇರಿಸಿ, ಮೇಲೆ ಉಳಿದ ಕಡಪ ಕಲ್ಲಿನ ತುಂಡು ಇಟ್ಟು ನೋಡಿ. ಚೆಂದ ಕಾಣದಿದ್ದರೂ ಅಲ್ಲಾಡುವುದಿಲ್ಲ.

ಗುಂಯ್ ಸದ್ದಿನ ಮೂಲ ಕೋಣೆಯ ಅಳತೆಯಲ್ಲೂ ಇದೆ. ಹನ್ನೆರಡು ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಸ್, ಹತ್ತು ಅಡಿ ಅಗಲಕ್ಕೆ ಸುಮಾರು 56 ಹರ್ಟ್ಸ್, ಜೊತೆಗೆ ಅವುಗಳ ದುಪ್ಪಟ್ಟು ಕಂಪನಗಳಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತದೆ. ಗೋಡೆಗೆ ಒರಗಿ ಕೂತರೆ ಈ ಉಬ್ಬು ಅತಿ ಹೆಚ್ಚು. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆದು ಅದೇ ಹಾಡು ಹಾಕಿ, ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಸಾಹಿತ್ಯ ಮಸುಕಾಗುವುದಕ್ಕೆ ಬರಿಯ ಟೈಲ್ಸ್ ಮತ್ತು ಬರಿಯ ಗೋಡೆ ಕಾರಣವಿರಬಹುದು. ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಕೊನೆಯಲ್ಲಿ ಝೀಂ ಎಂಬ ಲೋಹದ ಸದ್ದು ಉಳಿದರೆ ಸ್ಪೀಕರ್ ಬದಲಿಸಿದರೂ ಅದು ಹೋಗುವುದಿಲ್ಲ. ತೆಳು ಜಮಖಾನ ಸಾಲದು. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಕಾರ್ಪೆಟ್, ಕಿಟಕಿಗೆ ಮಡಿಕೆ ಮಡಿಕೆಯಾಗಿ ಬೀಳುವ ದಪ್ಪ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಇಷ್ಟು ಮಾಡಿ.

ಇನ್ನು ಎಡಗಡೆ ಸುಮ್ಮನಾಗುವ ವಿಷಯ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂದೆ ಎಡ ಬಲ ಸ್ಪೀಕರ್ ವೈರ್‌ಗಳನ್ನು ಅದಲು ಬದಲು ಮಾಡಿ. ಈಗಲೂ ಎಡಗಡೆಯೇ ಸುಮ್ಮನಾದರೆ ದೋಷ ಆ ಸ್ಪೀಕರ್‌ನಲ್ಲಿ ಅಥವಾ ಅದರ ವೈರ್‌ನಲ್ಲಿ. ಬಲಗಡೆಗೆ ಹೋದರೆ ಆಂಪ್ಲಿಫೈಯರ್ ಅಥವಾ ಅದಕ್ಕೂ ಹಿಂದೆ. ಆಗ ಪ್ಲೇಯರಿನಿಂದ ಬರುವ ಕೆಂಪು ಬಿಳಿ ಪಿನ್‌ಗಳನ್ನೂ ಇದೇ ರೀತಿ ಬದಲಿಸಿ ನೋಡಿ. ವೈರಿನ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು, ಆದ್ದರಿಂದ ತುದಿಗಳನ್ನು ಗಟ್ಟಿಯಾಗಿ ತಿರುಚಿ ಸಿಕ್ಕಿಸಿ. ಸದ್ದು ಸಣ್ಣ ವಾಲ್ಯೂಮಿನಲ್ಲಿ ಹೋಗಿ, ಜೋರು ಮಾಡಿದಾಗ ಮರಳಿ ಬಂದರೆ ಈ ವಯಸ್ಸಿನ ಆಂಪ್ಲಿಫೈಯರ್‌ಗಳಲ್ಲಿ ದೋಷ ಹೆಚ್ಚಾಗಿ ಸ್ಪೀಕರ್ ರಿಲೇಯದು, ಅಂದರೆ ಸ್ಪೀಕರನ್ನು ಆಂಪ್ಲಿಫೈಯರ್‌ಗೆ ಜೋಡಿಸುವ ಒಳಗಿನ ಸ್ವಿಚ್‌ನದು. ಅದರ ಕಾಂಟ್ಯಾಕ್ಟ್‌ಗಳು ಕಪ್ಪಾಗಿರುತ್ತವೆ. ಅದೇ ವೋಲ್ಟೇಜಿನ, ಅದೇ ಪಿನ್ ಜೋಡಣೆಯ ರಿಲೇ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಬಹುದು, ಹಾಕಿಸುವ ಕೂಲಿಯೂ ದೊಡ್ಡದಲ್ಲ. ನಾಬ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಹೆಚ್ಚು ವಾಟ್ ಬೇಕೇ ಎಂದು ಕೇಳಿದ್ದೀರಿ. ಬೇಡ. 40 ವಾಟ್‌ನಿಂದ 80ಕ್ಕೆ ಹೋದರೆ ಸಿಗುವುದು ಬರೀ 3 ಡೆಸಿಬಲ್. ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಈ ಕೋಣೆಯಲ್ಲಿ ಸಾಮಾನ್ಯವಾಗಿ ಕೇಳುವಾಗ ನೀವು ಒಂದೆರಡು ವಾಟ್ ದಾಟುವುದೇ ಅಪರೂಪ. ಡಿವಿಡಿ ಪ್ಲೇಯರ್ ಕೂಡ ಸಿ.ಡಿ.ಗೆ ಸಾಕು. ವೈರ್‌ಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರ್ ಧಾರಾಳ.

ಸ್ಪೀಕರ್ ಬದಲಿಸುವ ಮುಂಚೆ ಜಾಲರಿ ತೆಗೆದು ವೂಫರ್ ಕೋನಿನ ಸುತ್ತಲ ರಿಂಗ್ ನೋಡಿ. ಫೋಮ್ ಆಗಿದ್ದರೆ ಬೆರಳು ತಾಗಿಸಿದಾಗ ಪುಡಿಯಾಗಬಹುದು, ಹದಿನೈದು ವರ್ಷಕ್ಕೆ ಅದು ಸಹಜ. ಕೋನ್, ಅದರ ಹಿಂದಿನ ತಂತಿಯ ಸುರುಳಿ (ಕಾಯಿಲ್) ಸರಿ ಇದ್ದರೆ ಎರಡೂ ವೂಫರಿಗೆ ಹೊಸ ರಿಂಗ್ ಅಂಟಿಸಿಕೊಳ್ಳಬಹುದು. ಕೋನನ್ನು ಎರಡೂ ಕಡೆ ಸಮವಾಗಿ, ಮೆತ್ತಗೆ ಒತ್ತಿದಾಗ ಒಳಗೆ ಉಜ್ಜುವ ಸದ್ದು ಬಂದರೆ ಕಾಯಿಲ್ ಪಕ್ಕಕ್ಕೆ ಸರಿದಿದೆ, ಆಗ ರಿಂಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ರಬ್ಬರ್ ರಿಂಗ್ ಆದರೆ ಈ ಚಿಂತೆ ಕಡಿಮೆ.

ಇಷ್ಟೆಲ್ಲ ಆದ ಮೇಲೂ ಸಾಲದು ಅನ್ನಿಸಿದರೆ ರಿಪೇರಿ, ಪರದೆ, ಕಾರ್ಪೆಟ್ ಕಳೆದು ಉಳಿದದ್ದನ್ನೆಲ್ಲ ಒಂದು ಜೊತೆ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್‌ಗೆ ಸುರಿಯಿರಿ. ಈ ಕೋಣೆಗೆ ಐದರಿಂದ ಆರೂವರೆ ಇಂಚಿನ ವೂಫರ್ ಸಾಕು. 86 ಡೆಸಿಬಲ್‌ಗಿಂತ ಕಡಿಮೆ ಸೆನ್ಸಿಟಿವಿಟಿಯದು (ಅದೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಬೇಡ, ಮತ್ತು ನಿಮ್ಮ ಆಂಪ್ಲಿಫೈಯರ್ ಹಿಂದೆ 6ರಿಂದ 8 ಓಮ್ ಎಂದು ಬರೆದಿದ್ದರೆ 4 ಓಮಿನದನ್ನು ತರಬೇಡಿ, ಬಿಸಿಯಾಗುತ್ತದೆ. ನಿಮಗೆ ಬಾಯಿಪಾಠವಾದ ಕಛೇರಿಯ ಸಿ.ಡಿ.ಯನ್ನೇ ಕೊಂಡೊಯ್ದು ಕೇಳಿ. ಎರಡು ಜೊತೆ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ, ಏಕೆಂದರೆ ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. ತಂಬೂರದ ಶ್ರುತಿ ಗಾಯನದ ಹಿಂದೆ ಎಡೆಬಿಡದೆ ಕೇಳುತ್ತಿದೆಯೇ, ಮೃದಂಗದ ಎಡ ಬಲ ಬೇರೆ ಬೇರೆಯಾಗಿ ಬೀಳುತ್ತಿವೆಯೇ ಎಂದು ಗಮನಿಸಿ. ಮನೆಗೆ ತಂದು ಜೋಡಿಸಿದ ಮೇಲೆ ಗಾಯಕರು ಎರಡು ಸ್ಪೀಕರ್‌ಗಳ ಮಧ್ಯದಲ್ಲಿ ನಿಲ್ಲದೆ ಚದುರಿ, ಬೇಸ್ ಕೂಡ ಕೃಶವಾಗಿದ್ದರೆ ಒಂದು ಕಡೆ ಕೆಂಪು ಕಪ್ಪು ತಿರುವುಮುರುವಾಗಿದೆ. ಒಂದೇ ಸ್ಪೀಕರಿನ ವೈರ್‌ಗಳನ್ನು ತಿರುಗಿಸಿ ಹಾಕಿ.