ಗುರುವಂದನೆ ವ್ಯಕ್ತಿಪೂಜೆಯಾಗುವುದಿಲ್ಲವೇ?

ಯೋಗಾಭ್ಯಾಸಕ್ಕೆ ಮುನ್ನ ಗುರುವಿಗೆ ನಮಿಸುವುದು ಮನುಷ್ಯನೊಬ್ಬನನ್ನು ದೇವರ ಸ್ಥಾನದಲ್ಲಿ ಕೂರಿಸಿದಂತೆ ಎಂಬ ಆಕ್ಷೇಪವನ್ನು ಹಲವರು ಎತ್ತುತ್ತಾರೆ. ಪರಂಪರೆಯ ದೃಷ್ಟಿಯಲ್ಲಿ ಆ ವಂದನೆ ಎದುರಿಗಿರುವ ಒಬ್ಬರಿಗಷ್ಟೇ ಅಲ್ಲ, ವಿದ್ಯೆಯನ್ನು ಅವರವರೆಗೆ ತಲುಪಿಸಿದ ಇಡೀ ಸಾಲಿಗೆ ಸಲ್ಲುತ್ತದೆ. ಬೃಹದಾರಣ್ಯಕ ಉಪನಿಷತ್ತು ಗುರುಶಿಷ್ಯರ ದೀರ್ಘ ವಂಶಾವಳಿಯನ್ನೇ ಕೊಟ್ಟು ಅದನ್ನು ಬ್ರಹ್ಮದವರೆಗೆ ಒಯ್ಯುತ್ತದೆ. ಹಠಯೋಗದ ಗ್ರಂಥವಾದ ಹಠಯೋಗಪ್ರದೀಪಿಕೆಯು ಆದಿನಾಥನಿಗೆ, ಅಂದರೆ ಶಿವನಿಗೆ, ನಮಿಸಿ ಆರಂಭವಾಗಿ ಮತ್ಸ್ಯೇಂದ್ರ, ಗೋರಕ್ಷ ಮೊದಲಾದ ಸಿದ್ಧರನ್ನು ಸ್ಮರಿಸುತ್ತದೆ. ಕಾಲದ ಮಿತಿಯಿಲ್ಲದ ಈಶ್ವರನೇ ಪೂರ್ವಿಕರಿಗೂ ಗುರು ಎಂದು ಪತಂಜಲಿಯ ಯೋಗಸೂತ್ರ (1.26) ಹೇಳುವುದರಿಂದ, ಯಾವ ಮಾನವ ಗುರುವೂ ತಾನೇ ವಿದ್ಯೆಯ ಮೂಲವೆಂದು ಹೇಳಿಕೊಳ್ಳುವಂತಿಲ್ಲ.

ಈ ಕೃತಜ್ಞತೆ ಕುರುಡು ವಿಧೇಯತೆಯೂ ಅಲ್ಲ. ಜ್ಞಾನವನ್ನು ಪ್ರಣಿಪಾತ, ಪರಿಪ್ರಶ್ನೆ, ಸೇವೆಗಳಿಂದ ಪಡೆಯಬೇಕೆನ್ನುವ ಗೀತೆಯ ಶ್ಲೋಕದಲ್ಲಿ (4.34) ನಮಸ್ಕಾರಕ್ಕೂ ಸೇವೆಗೂ ನಡುವೆ ಪ್ರಶ್ನೆಗೆ ಸ್ಥಾನವಿದೆ, ಇಂದಿನ ಗುರುಭಕ್ತಿ ಬಹಳಷ್ಟು ಸಲ ಈ ನಡುವಣ ಪದವನ್ನೇ ಬಿಟ್ಟುಬಿಡುತ್ತದೆ ಎಂದು ನನಗನ್ನಿಸುತ್ತದೆ. ಇನ್ನೂ ಸ್ಪಷ್ಟವಾದ ಮಾತು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿದೆ. ವಿದ್ಯಾಭ್ಯಾಸ ಮುಗಿಸಿದ ಶಿಷ್ಯನಿಗೆ ಆಚಾರ್ಯರಿಗೆ ಪ್ರಿಯವಾದ ಧನವನ್ನು ತಂದೊಪ್ಪಿಸು, ಆಚಾರ್ಯನನ್ನು ದೇವರೆಂದು ಭಾವಿಸು ಎಂದು ಹೇಳುವ ಅದೇ ಉಪದೇಶ, ಗುರುಗಳಾದ ನಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಉಳಿದವನ್ನಲ್ಲ ಎಂದೂ ಎಚ್ಚರಿಸುತ್ತದೆ.

ಆಷಾಢ ಹುಣ್ಣಿಮೆಯ ಗುರುಪೂರ್ಣಿಮೆಗೆ ವ್ಯಾಸಪೂರ್ಣಿಮೆ ಎಂಬ ಹೆಸರೂ ಇದ್ದು, ಅಂದು ಸ್ವತಃ ಗುರುಸ್ಥಾನದಲ್ಲಿರುವ ಯತಿಗಳೂ ವ್ಯಾಸಪೂಜೆ ಮಾಡಿ ತಮ್ಮ ಹಿಂದಿನ ಆಚಾರ್ಯರಿಗೆ ನಮಿಸುತ್ತಾರೆ.