ರ‍್ಯಾಮ್ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಸ್ಪೀಡ್ ಆಗುತ್ತಾ?

ಪ್ರಶ್ನೆ: ಮದುವೆ ಆಲ್ಬಮ್ ಡಿಸೈನ್ ಮಾಡುವ ಕೆಲಸ ನನ್ನದು. ವಿಂಡೋಸ್ ಕಂಪ್ಯೂಟರ್, 16 ಜಿಬಿ ರ‍್ಯಾಮ್, ಸಾಟಾ ಎಸ್‌ಎಸ್‌ಡಿ. ದೊಡ್ಡ ಫೈಲ್ ತೆರೆದರೆ ಫೋಟೋಶಾಪ್ ತುಂಬಾ ನಿಧಾನ. 8 ಜಿಬಿ ರ‍್ಯಾಮ್ ಡಿಸ್ಕ್ ಮಾಡಿಕೊಂಡು ಫೋಟೋಶಾಪ್ ಸ್ಕ್ರ್ಯಾಚ್ (ಕೆಲಸದ ನಡುವೆ ಅದು ಡ್ರೈವ್‌ನಲ್ಲಿ ಬಳಸುವ ತಾತ್ಕಾಲಿಕ ಜಾಗ), ಬ್ರೌಸರ್ ಕ್ಯಾಶ್ (ನೋಡಿದ ಪುಟಗಳ ಉಳಿಸಿಟ್ಟ ಪ್ರತಿ) ಎರಡನ್ನೂ ಅದರಲ್ಲಿಡಿ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಮಾಡಲಾ?
– ಓದುಗರು, ರಾಜಾಜಿನಗರ

ಉತ್ತರ: ಬೇಡ. ಇನ್ನೂ ನಿಧಾನ ಆಗುವ ಸಾಧ್ಯತೆಯೇ ಜಾಸ್ತಿ.

ರ‍್ಯಾಮ್ ಡಿಸ್ಕ್ ಅಂದರೆ ರ‍್ಯಾಮಿನ ಒಂದು ಭಾಗವನ್ನು ಡ್ರೈವ್ ಥರ ತೋರಿಸುವುದು, ಅಷ್ಟೇ. ವೇಗದ ಮಾತು ಸುಳ್ಳಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಡಿಡಿಆರ್4 3200 ರ‍್ಯಾಮಿನ ಒಂದೇ ಚಾನೆಲ್‌ನ ಮಿತಿ 25.6 ಜಿಬಿ. ಆದರೆ ಫೋಟೋಶಾಪ್ ಸ್ಕ್ರ್ಯಾಚ್‌ಗೆ ಕೈ ಹಾಕುವುದೇ ರ‍್ಯಾಮ್ ಸಾಲದೆ ಹೋದಾಗ. ನೀವು 16ರಲ್ಲಿ 8 ಕಿತ್ತುಕೊಂಡರೆ ಉಳಿದ 8ರಲ್ಲಿ ವಿಂಡೋಸ್, ಬ್ರೌಸರ್, ಫೋಟೋಶಾಪ್ ಮೂರೂ ಬದುಕಬೇಕು, ಹಾಗಾಗಿ ರ‍್ಯಾಮ್ ಬೇಗ ಮುಗಿಯುತ್ತದೆ, ಸ್ಕ್ರ್ಯಾಚ್ ಬೇಗ ಬೇಕಾಗುತ್ತದೆ. ತಟ್ಟೆಯ ಅನ್ನವನ್ನು ಬಟ್ಟಲಿಗೆ ತೆಗೆದಿಟ್ಟು, ಸಾಲದು ಅಂತ ಅದೇ ಬಟ್ಟಲಿಂದ ಬಡಿಸಿಕೊಂಡ ಹಾಗೆ! ಮೇಲಾಗಿ ಆ ಡಿಸ್ಕ್ ತುಂಬಿತು ಅಂದರೆ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಅಂತ ಕೆಲಸವೇ ನಿಂತುಹೋಗುತ್ತದೆ.

ಇನ್ನೊಂದು ವಿಷಯ. ಖಾಲಿ ಇರುವ ರ‍್ಯಾಮನ್ನು ವಿಂಡೋಸ್ ಸುಮ್ನೆ ಬಿಟ್ಟಿರುವುದಿಲ್ಲ. ಒಮ್ಮೆ ಓದಿದ ಫೈಲನ್ನು ಅಲ್ಲೇ ಇಟ್ಟುಕೊಂಡಿರುತ್ತದೆ, ಪ್ರೋಗ್ರಾಮ್‌ಗೆ ಜಾಗ ಬೇಕಾದ ತಕ್ಷಣ ಬಿಟ್ಟುಕೊಡುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಕ್ಯಾಶ್ಡ್’ ಅಂತ ಕಾಣುವುದು ಅದೇ. ರ‍್ಯಾಮ್ ಡಿಸ್ಕ್‌ಗೆ ಕೊಟ್ಟ ಜಾಗ ಹಾಗೆ ಬೇಕಾದಾಗ ವಾಪಸ್ ಬರುವುದಿಲ್ಲ.

ಬ್ರೌಸರ್ ಕ್ಯಾಶ್‌ನಿಂದ ಎಸ್‌ಎಸ್‌ಡಿ ಸವೆಯುತ್ತೆ ಅನ್ನುವ ಭಯವೂ ಇದ್ದರೆ ಬಿಡಿ. 500 ಜಿಬಿ ಎಸ್‌ಎಸ್‌ಡಿಗೆ 300 ಟಿಬಿ ಬರೆಯುವ ತನಕ ವಾರಂಟಿ ಕೊಡುವ ಕಂಪನಿಗಳಿವೆ. ದಿನಾ 20 ಜಿಬಿ ಬರೆದರೂ ಅಷ್ಟಾಗಲು 40 ವರ್ಷ ಬೇಕು.

ಫೋಟೋಶಾಪ್‌ನ ಕೆಳಗಿನ ಪಟ್ಟಿಯಲ್ಲಿ ‘ಎಫಿಷಿಯೆನ್ಸಿ’ ಆರಿಸಿ, ದೊಡ್ಡ ಆಲ್ಬಮ್ ತೆರೆದು ಕೆಲಸ ಮಾಡಿ ನೋಡಿ. 100ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಅಂತಲೇ ಅರ್ಥ. ಆಗ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಸ್ಟಿಕ್ ತನ್ನಿ. ಹೋಗುವಾಗ ಹಳೆಯದರ ಲೇಬಲ್ ಫೋಟೋ ಜೊತೆಗಿರಲಿ, ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯಾ ಅಂತಲೂ ನೋಡಿಕೊಳ್ಳಿ. 100ರಲ್ಲೇ ನಿಂತಿದ್ದರೆ ತೊಂದರೆ ರ‍್ಯಾಮಿನದ್ದಲ್ಲ, ದುಡ್ಡು ಖರ್ಚು ಮಾಡಬೇಡಿ.

ಪ್ರಶ್ನೆ: ಹಾಗಾದರೆ ರ‍್ಯಾಮ್ ಡಿಸ್ಕ್ ಯಾರಿಗೂ ಬೇಡವಾ? ನಾನು ಪ್ರೋಗ್ರಾಮರ್, ಲಿನಕ್ಸ್, 32 ಜಿಬಿ.
– ಓದುಗರು, ಬನಶಂಕರಿ

ಉತ್ತರ: ನಿಮಗೆ ಉಪಯೋಗ ಇದೆ. ಪದೇ ಪದೇ ಟೆಸ್ಟ್ ಓಡಿಸುವ ಡೇಟಾಬೇಸ್ ಇದ್ದರೆ ಅದನ್ನು ಲಿನಕ್ಸ್‌ನದೇ ರ‍್ಯಾಮ್ ಡಿಸ್ಕ್ ಆದ ಟಿಎಂಪಿಎಫ್‌ಎಸ್‌ನಲ್ಲಿಡಿ. ಡೇಟಾಬೇಸ್ ಪ್ರತಿ ಕಮಿಟ್‌ಗೂ (ಬದಲಾವಣೆ ಖಾಯಂ ಮಾಡುವಾಗಲೆಲ್ಲ) ‘ಡಿಸ್ಕ್‌ಗೆ ಬರೆದಾಯ್ತಾ?’ ಅಂತ ಕಾದು ನಿಲ್ಲುತ್ತದೆ, ಅಲ್ಲಿ ಮಾಮೂಲಿ ಕ್ಯಾಶ್ ನೆರವಿಗೆ ಬರುವುದಿಲ್ಲ, ರ‍್ಯಾಮ್‌ನಲ್ಲಾದರೆ ಕಾಯುವ ಮಾತೇ ಇಲ್ಲ. ಟಿಎಂಪಿಎಫ್‌ಎಸ್ ತುಂಬಿದಷ್ಟೇ ಜಾಗ ತಿನ್ನುತ್ತದೆ. ನೀವು ಮಿತಿ ಹೇಳದಿದ್ದರೆ ಅರ್ಧ ರ‍್ಯಾಮ್ ತನಕ ಬೆಳೆಯಬಹುದು. ಕರೆಂಟ್ ಹೋಗಿ ಮಷೀನ್ ಆಫ್ ಆದರೆ ಅದರಲ್ಲಿದ್ದದ್ದೆಲ್ಲ ಹೋಯಿತು, ಅದಕ್ಕೇ ಕೋಡನ್ನಂತೂ ಅಲ್ಲಿಡಬೇಡಿ.