ದೀಪಾವಳಿಗೆ ಅಮ್ಮನಿಗೆ ಏನು ಕೊಡಲಿ? ಕೇಳಿದರೆ ‘ಏನೂ ಬ್ಯಾಡ’ ಅಂತಾರೆ

ಹೋದ ವರ್ಷ ಕೊಟ್ಟ ಸೀರೆ ಮಡಿಕೆ ಬಿಚ್ಚದೆ ಕಪಾಟಿನಲ್ಲೇ ಇದೆ, ಈ ಸಲ 5,000 ರೂಪಾಯಿಯೊಳಗೆ ಬೇರೆ ಏನಾದರೂ ಹೇಳಿ, ಇಲ್ಲವೇ ಕಂತಿನಲ್ಲಾದರೂ ಮೈಸೂರು ಸಿಲ್ಕ್ ಕೊಡಿಸಲೇ ಅಂತ ಕೇಳಿದ್ದೀರಿ. ಅಮ್ಮ ಬಾಗಲಕೋಟೆ ಕಡೆ, ನೀವು ಬೆಂಗಳೂರಲ್ಲಿ. ನಾನು ಗದಗಿನ ಕಡೆಯವನು, ಅದಕ್ಕೇ ಸ್ವಲ್ಪ ಸಲುಗೆಯಿಂದ ಕೇಳ್ತೀನಿ: ಆ ಸೀರೆಗೆ ಜಂಪರ್, ಅಂದರೆ ಬ್ಲೌಸ್, ಹೊಲಿಸಿ ಕೊಟ್ಟಿದ್ದಿರಾ?

ಕಪಾಟಿನಲ್ಲಿ ಕೂತಿರುವ ಉಡುಗೊರೆ ಸೀರೆಗಳೆಲ್ಲ ಇಷ್ಟವಾಗದೆ ಕೂತಿಲ್ಲ. ಫಾಲ್ ಹಚ್ಚಿಲ್ಲ, ಪಿಕೊ ಆಗಿಲ್ಲ, ಬ್ಲೌಸ್ ಪೀಸು ಸೀರೆಯಿಂದ ಬೇರೆಯೇ ಆಗಿಲ್ಲ. ಮಗಳ ಲಂಗಕ್ಕೆ, ಮೊಮ್ಮಗನ ಚಡ್ಡಿಗೆ ಟೈಲರ್ ಹತ್ತಿರ ಎರಡು ಸಲ ಅಲೆಯುವ ನಮ್ಮವ್ವ ತನ್ನ ಜಂಪರಿಗೆ ಮಾತ್ರ ‘ನಿಧಾನಕ್ಕ ಹೊಲಿಸಿದ್ರಾತು’ ಅನ್ನುತ್ತಾಳೆ. ಆ ನಿಧಾನ ಯಾವತ್ತೂ ಬರುವುದಿಲ್ಲ. ಕೊನೆಗೆ ಯಾರದೋ ಮನೆಯ ಸೀಮಂತಕ್ಕೆ, ಕುಬಸಕ್ಕೆ ಆ ಸೀರೆ ಹೊರಟು ನಿಲ್ಲುತ್ತದೆ. ಹೊಲಿಯದ ಬಟ್ಟೆ ಕಂಡರೆ ಅಮ್ಮಂದಿರಿಗೆ ಮೊದಲು ಹೊಳೆಯುವುದೇ ‘ಯಾರಿಗರ ಕೊಡಾಕ ಬರ್ತದ’ ಅಂತ. ಉಡಿ ತುಂಬಿದ ಖಣಗಳ, ಅಂದರೆ ಜಂಪರ್ ಬಟ್ಟೆಗಳ, ಕಥೆ ನಿಮಗೂ ಗೊತ್ತಿರಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಓಣಿಯೆಲ್ಲ ಸುತ್ತಿ ಹೊರಟ ಮನೆಗೇ ವಾಪಸ್ ಬಂದ ಖಣವನ್ನು ನಾನೇ ನೋಡಿದ್ದೇನೆ. ಅದರ ಮೂಲೆಯ ಕುಂಕುಮದ ಕಲೆಯಿಂದ ಅವ್ವ ಗುರುತು ಹಿಡಿದಳು.

ಆದ್ದರಿಂದ ಬೇರೆ ಸಾಮಾನು ಹುಡುಕುವುದು ಬೇಡ. ಸೀರೆಯನ್ನೇ ಕೊಡಿ, ಆದರೆ ಅವತ್ತೇ ಉಡುವ ಹಾಗೆ ತಯಾರು ಮಾಡಿ ಕೊಡಿ. ಅಳತೆಗೆ ಹೊಲಿದ ಜಂಪರನ್ನು ಯಾರಿಗೂ ದಾಟಿಸಲಿಕ್ಕೆ ಬರುವುದಿಲ್ಲ. ಹೋದ ವರ್ಷದ ಸೀರೆಯನ್ನೂ ಇದರ ಜೊತೆಗೇ ಮುಗಿಸಿಬಿಡಿ, ಒಂದರ ಖರ್ಚಿನಲ್ಲಿ ಎರಡು ಸೀರೆ ಆದ ಲೆಕ್ಕ.

ಮೈಸೂರು ಸಿಲ್ಕ್ ಈಗ ಬೇಡ ಅನ್ನುತ್ತೇನೆ. ಸೀರೆಯ ಬಗ್ಗೆ ತಕರಾರಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯದು, ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಯಲ್ಲಿ ಕೊಂಡರೆ ಪ್ರತಿ ಸೀರೆಗೂ ಅದರದೇ ನಂಬರ್ ಇರುತ್ತದೆ, ಜರಿಯಲ್ಲಿ ಬೆಳ್ಳಿ ಬಂಗಾರ ಇರುತ್ತದೆ. ಆದರೆ ಅಷ್ಟು ಬೆಲೆಯದ್ದನ್ನು ಅವರು ಮದುವೆಗೇ ಎತ್ತಿಡುತ್ತಾರೆ, ನೀವು ಕಂತು ಕಟ್ಟುತ್ತಿರುವುದು ಗೊತ್ತಾದರಂತೂ ಉಡುವುದೂ ಕಷ್ಟ.

ನಿಮ್ಮ ಬಜೆಟ್ಟಿಗೆ, ನಿಮ್ಮ ಊರಿಗೆ ಇಳಕಲ್ ಸೀರೆ ಸರಿ. ಒಡಲು ಹತ್ತಿಯದು, ಸೆರಗು ರೇಷ್ಮೆಯದು ಇರುವಂಥದ್ದು ನೋಡಿ. ಹಗುರ, ನೆರಿಗೆ ಜಾರುವುದಿಲ್ಲ, ಒಲೆ ಮುಂದೆ ನಿಂತರೂ ಸೆಕೆ ಆಗುವುದಿಲ್ಲ. ಮೊಣಕಾಲು ನೋವಿದ್ದವರಿಗೆ ಭಾರದ ಜರಿ ಸೀರೆಗಿಂತ ಎಷ್ಟೋ ವಾಸಿ. ಅಂಗಡಿಯಲ್ಲಿ ‘ಕೊಂಡಿ ಹಾಕಿದ್ದೇನ್ರಿ?’ ಅಂತ ಕೇಳಿ. ಅಸಲಿ ಇಳಕಲ್ಲಿನಲ್ಲಿ ಒಡಲಿನ ಹಾಸೆಳೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು) ಬೇರೆ, ಸೆರಗಿನ ಹಾಸೆಳೆ ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಸೆರಗು ಸೇರುವ ಜಾಗವನ್ನು ಹಿಂಬದಿಯಿಂದ ನೋಡಿದರೆ, ಬೆರಳಾಡಿಸಿದರೆ ಆ ಕೂಡಿಕೆ ಸಿಗುತ್ತದೆ. ಕೆಂಪು ಸೆರಗಿನಲ್ಲಿ ಬಿಳಿ ಟೋಪ್ ತೆನಿ ವಿನ್ಯಾಸ ಎಲ್ಲ ಅಗ್ಗದ ನಕಲಿನಲ್ಲೂ ಬರುತ್ತದೆ, ಅದನ್ನು ನೋಡಿ ನಂಬಬೇಡಿ. ನೀವು ಮೋಸ ಹೋದರೂ ಅಮ್ಮ ಹೋಗುವುದಿಲ್ಲ, ಸೆರಗು ಮುಟ್ಟಿದ ಕೂಡಲೇ ಹೇಳುತ್ತಾರೆ! ಕೆಂಪು ಬಣ್ಣ ಬಿಡಬಹುದು, ಮೊದಲ ಒಂದೆರಡು ಸಲ ಬೇರೆಯಾಗಿ ತೊಳೆಯಲಿ.

ಜಂಪರಿಗೆ ಗುಳೇದಗುಡ್ಡದ ಖಣ ತಗೊಳ್ಳಿ. ಅದು ಅಗಲ ಕಡಿಮೆ ಇರುವ ಬಟ್ಟೆ, ಎಷ್ಟು ಬೇಕಾಗುತ್ತದೆ ಅಂತ ಟೈಲರನ್ನೇ ಕೇಳಿಕೊಂಡು ಕೊಳ್ಳಿ.

ಬಣ್ಣದ ವಿಷಯದಲ್ಲಿ ದಯವಿಟ್ಟು ‘ವಯಸ್ಸಾಯ್ತಲ್ಲ’ ಅಂತ ಬೂದಿ ಬಣ್ಣ, ತಿಳಿ ಕಾಫಿ ಬಣ್ಣಕ್ಕೆ ಹೋಗಬೇಡಿ. ಮನೆಯ ಮದುವೆ ಫೋಟೋಗಳಲ್ಲಿ ಅವರು ತಾವೇ ಆರಿಸಿ ಉಟ್ಟ ಸೀರೆಗಳ ಬಣ್ಣ ನೋಡಿ, ನಮ್ಮ ಕಡೆ ಸಾಮಾನ್ಯವಾಗಿ ದಾಳಿಂಬೆ ಕೆಂಪೋ ಗಿಣಿ ಹಸಿರೋ ನವಿಲು ಬಣ್ಣವೋ ಇರುತ್ತದೆ.

ಕುಕ್ಕರ್, ಮಿಕ್ಸರ್ ಬೇಕಿದ್ದರೆ ಬೇರೆ ದಿನ ತಂದುಕೊಡಿ, ಹಬ್ಬದ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ರುಬ್ಬಿದ ಚಟ್ನಿ ನೀವೂ ತಿನ್ನುತ್ತೀರಿ.

‘ಬ್ಯಾಡ’ ಅನ್ನುವವರಿಗೆ ಕೊಡುವ ದಾರಿ ನಮ್ಮ ಹಬ್ಬದಲ್ಲೇ ಇದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಆರತಿ ಮಾಡುತ್ತಾರಲ್ಲ, ತಟ್ಟೆಗೆ ರೊಕ್ಕ ಹಾಕುವಾಗ ಜೊತೆಗೇ ಸೀರೆ, ಜಂಪರ್ ಇಡಿ. ಆರತಿ ತಟ್ಟೆಗೆ ಬಿದ್ದದ್ದನ್ನು ಯಾವ ತಾಯಿಯೂ ವಾಪಸ್ ಕೊಡುವುದಿಲ್ಲ, ಅದು ಅವರ ಹಕ್ಕಿನ ದುಡ್ಡು. ಬೆಲೆ ಕೇಳೇ ಕೇಳುತ್ತಾರೆ. ಅರ್ಧ ಹೇಳುವ ಆಸೆ ಆದರೆ ತಡೆದುಕೊಳ್ಳಿ, ‘ಅಷ್ಟಕ್ಕ ಬಂದ್ರ ನಿಮ್ಮ ಚಿಗವ್ವಗೂ ಒಂದ ತಗೊಂಬಾ’ ಅಂದರೆ ಸಿಕ್ಕಿಬೀಳುತ್ತೀರಿ.

ಅಳತೆಗೆ ಅವರನ್ನು ಕೇಳುವ ಅಗತ್ಯವೇ ಇಲ್ಲ. ಊರಿನ ಟೈಲರ್ ಹತ್ತಿರ ಬರೆದಿಟ್ಟದ್ದು ಇರುತ್ತದೆ, ಇಲ್ಲದಿದ್ದರೆ ತಂಗಿಗೋ ಅತ್ತಿಗೆಗೋ ಹೇಳಿ, ಸರಿಯಾಗಿ ಕೂರುವ ಹಳೆಯ ಜಂಪರ್ ಒಂದನ್ನು ಅವನಿಗೆ ಮುಟ್ಟಿಸಿ. ಹಳೆಯದಾದರೆ ತೋಳು ಬಿಗಿ ಆಗುತ್ತಿದೆಯಾ ಅಂತಲೂ ವಿಚಾರಿಸಲಿ, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿದರೆ ಆಮೇಲೆ ಬಿಚ್ಚಿಕೊಳ್ಳಬಹುದು. ದಸರಾ ದಾಟಿತೆಂದರೆ ಟೈಲರುಗಳು ಹೊಸ ಬಟ್ಟೆ ಹಿಡಿಯುವುದಿಲ್ಲ, ‘ಹಬ್ಬ ಆದಮ್ಯಾಲ ಬರ್ರಿ’ ಅಂತಾರೆ. ಈ ವಾರವೇ ಫೋನ್ ಹಚ್ಚಿ.